ಹನ್ನೊಂದು ಸೆಕೆಂಡು

ಆ ಕಡೆಯಿಂದ ನೋಡಿದರೆ ಅದು ಕನ್ನಡಿ.
ನಾನು ಕೂತ ಕತ್ತಲೆಯ ಕಡೆಯಿಂದ ಬರೀ ಗಾಜು.
ಸ್ವಾನ್‌ಸೀಯ ಈ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ಇದೇ ಕುರ್ಚಿ, ಮಡಿಲಲ್ಲಿ ಇದೇ ಸ್ಟಾಪ್‌ವಾಚು.
ಮಕ್ಕಳನ್ನು ನೋಡುವವರನ್ನು ನೋಡುವುದು ನನ್ನ ಕೆಲಸ.

ಇವತ್ತು ಸಹ್ರಾ. ಕಾರ್ಡಿಫ್ ಬಂದರಿನ ಸೊಮಾಲಿ ಕೇರಿಯವಳು,
ತರಬೇತಿಯ ಎರಡನೇ ವರ್ಷ,
ಪ್ರಶ್ನೆಗಳಿಗೆಲ್ಲ ಇಸ್ತ್ರಿ ಹಾಕಿಕೊಂಡು ಬಂದಿದ್ದಾಳೆ.
ಎದುರಿಗೆ ಯೋವಾನ್, ವಯಸ್ಸು ಒಂಬತ್ತು, ಬಿಚ್ಚಿದ ಶೂ ಲೇಸು.
ಪಕ್ಕದಲ್ಲಿ ಅವನ ತಾಯಿ ಲೌರಿ. ಮೂಲೆಯಲ್ಲಿ ಅಜ್ಜಿ ನೆಸ್ಟಾ,
ಕೋಟು ತೆಗೆಯಲು ಒಪ್ಪದೆ.

'ನಿಂಗೆ ಏನು ಮಾಡೋಕೆ ಇಷ್ಟ, ಯೋವಾನ್?'
ನಾಲ್ಕು ಸೆಕೆಂಡು.
'ಚೆಂಡಾಟ ಇಷ್ಟಾನಾ?'
ಮೂರು.
'ಮನೇಲಿ ಯಾರ್ಯಾರಿದ್ದೀರಿ?'
ಎರಡು. ಅಷ್ಟರಲ್ಲಿ ಲೌರಿಯೇ ಹೇಳಿಬಿಟ್ಟಳು.
ಅವನ ಮಾತು ಹೊಸ್ತಿಲವರೆಗೆ ನಡೆದು ಬರುವಷ್ಟರಲ್ಲಿ
ಎಲ್ಲರೂ ಎದ್ದು ಪಕ್ಕದ ಕೋಣೆಗೆ ಹೋಗಿರುತ್ತಾರೆ.

ಆಮೇಲೆ ಮರದ ತುಂಡುಗಳು, ಒಂಬತ್ತು, ಕೆಂಪು ಬಿಳಿ.
ಚಿತ್ರದಲ್ಲಿದ್ದ ಹಾಗೆ ಜೋಡಿಸಬೇಕು, ಎರಡು ನಿಮಿಷದೊಳಗೆ.
ಅವನು ಒಂಬತ್ತನ್ನೂ ಬೊಗಸೆಗೆ ಬಾಚಿಕೊಂಡು
ಗಲಗಲ ಕುಲುಕಿದ, ಬೆರಳು ತುಸು ಸಡಿಲಿಸಿ
ಒಂದೊಂದನ್ನೇ ಕೆಳಗೆ ಬಿಟ್ಟ. ಮತ್ತೆ ಬಾಚಿದ.
ಸಹ್ರಾ ಬರೆದಳು: ಸೊನ್ನೆ.
ನಾನಾದರೂ ಅದನ್ನೇ ಬರೆಯುತ್ತಿದ್ದೆ.
ಅಜ್ಜಿ ಮಾತ್ರ ಕೋಟಿನ ಕಾಲರಿನೊಳಗೆ ನಕ್ಕಳು:
'ಜರಡಿ ಹಿಡೀತಿದ್ದಾನೆ ಕಣಮ್ಮಾ.'

ಪೆನ್‌ಕ್ಲೌದ್‌ನ ಕೆಸರಲ್ಲಿ, ಕಡಲು ಹಿಂದೆ ಸರಿದ ಹೊತ್ತು,
ಬಳಚು ಹೆಕ್ಕುವ ಮನೆತನವಂತೆ.
ಜರಡಿಯಲ್ಲಿ ನಿಂತದ್ದು ಚೀಲಕ್ಕೆ, ಜಾರಿದ್ದು ಮರಳಿಗೆ.
ಹುಡುಗ ನಡೆಯಲು ಕಲಿತದ್ದೇ ಅಲ್ಲಿ,
ನಾಲ್ಕು ತುಂಬಿದ ಮೇಲೆ, ಅಜ್ಜಿಯ ಬಕೆಟ್ಟು ಹಿಡಿದು.

ಊಟದ ಬಿಡುವಿನಲ್ಲಿ ಸಹ್ರಾಗೆ ವಿಡಿಯೊ ಹಾಕಿ ತೋರಿಸಿದೆ.
ತನ್ನದೇ ದನಿ ಕೇಳಿ ಮುಖ ಮುಚ್ಚಿಕೊಂಡಳು.
ಅದಕ್ಕೇ ಮೆರ್ಥರ್‌ನ ಹುಡುಗಿಯ ವಿಷಯ ಹೇಳಿದೆ, ನನ್ನ ಮೊದಲ ವರ್ಷದ್ದು.
'ಸಹಕಾರ: ಇಲ್ಲ' ಎಂದು ಷರಾ ಬರೆದಿದ್ದೆ.
ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.
ನಾನು ಕೂತದ್ದು ಎಡಕ್ಕೆ.
ಆ ಷರಾ ಈಗಲೂ ಯಾವುದೋ ಕಡತದಲ್ಲಿದೆ,
ನಾನೆಳೆದ ಅಡಿಗೆರೆ ಸಮೇತ.

'ಹಾಗಾದ್ರೆ ಈ ಸೊನ್ನೇನ ತಿದ್ದಲಾ?'
ಬೇಡ, ಅಂದೆ. ಏಕೆಂದು ಹೇಳಲಿಲ್ಲ.

ಮರುವಾರ ಲೌರಿ ಕಾರಿಡಾರಿನಲ್ಲೇ ನಮ್ಮಿಬ್ಬರನ್ನು ತಡೆದಳು.
'ಅಂಕಿ ಕಡಿಮೆ ಬಂದಿದೆ ತಾನೆ?
ಕಡಿಮೆ ಬಂದ್ರೇನೇ ಸ್ಕೂಲಲ್ಲಿ ಅವನ ಪಕ್ಕ ಒಬ್ರನ್ನ ಕೂರಿಸೋದು.'
ಮಗ ಸೋಲಲೆಂದು ಹರಕೆ ಹೊತ್ತಂಥ ದನಿ.
ಸಹ್ರಾ ಏನೋ ಹೇಳಹೋದಳು. ಹೇಳಲಿಲ್ಲ.
ಲೌರಿ ಅತ್ತದ್ದು ಆರನೇ ಸೆಕೆಂಡಿಗೆ.

ಒಳಗೆ ಅವತ್ತು ಒಂದೇ ಪ್ರಶ್ನೆ.
'ಅಜ್ಜಿ ಜೊತೆ ಕಡಲಿಗೆ ಹೋದಾಗ ಏನು ಮಾಡ್ತೀಯ?'
ಮೂರು. ಹೀಟರು ಟಕ್ಕೆಂದಿತು.
ಐದು. ಲೌರಿ ಬಾಯಿ ತೆರೆದಳು; ಸಹ್ರಾ ಅಂಗೈ ಎತ್ತಿದಳು, ಮೆಲ್ಲಗೆ.
ಎಂಟು. ನನಗೇ ಗಂಟಲು ಕೆರೆಯಿತು, ಗಾಜಿನ ಈಚೆ.
ಹನ್ನೊಂದು.
'ದೊಡ್ಡದು ಚೀಲಕ್ಕೆ.'
ಆಮೇಲೆ, ನಾನು ಗುಂಡಿ ಒತ್ತಲು ಮರೆತಿದ್ದರಿಂದ
ಎಷ್ಟು ಹೊತ್ತೋ ತಿಳಿಯದು,
'ಸಣ್ಣದು ಮನೆಗೆ.'

ಸಹ್ರಾ ವರದಿಯನ್ನು ನಾಲ್ಕು ಸಲ ಬರೆದಳು.
ಸೊನ್ನೆ ಸೊನ್ನೆಯಾಗಿಯೇ ಉಳಿಯಿತು, ಶಾಲೆಗೆ ಅದು ಬೇಕು.
ಅದರ ಕೆಳಗೆ, ಪಕ್ಕ ಕೂರಲು ಬರುವವಳಿಗೆ ಒಂದು ಸಾಲು:
ಕೇಳಿದ ಮೇಲೆ ಹನ್ನೊಂದರವರೆಗೆ ಎಣಿಸಿ.

ಸಂಜೆ ಪೆಟ್ಟಿಗೆ ಮುಚ್ಚುವಾಗ ತುಂಡು ಎಂಟೇ.
ಮೇಜಿನಡಿ ಬಗ್ಗಿ ನೋಡಿದೆವು, ಹೀಟರಿನ ಹಿಂದೆಯೂ.
ಬದಲಿ ತುಂಡು ಬೇಕಾದರೆ ಅದಕ್ಕೊಂದು ಅರ್ಜಿ ನಮೂನೆ,
ಕಳೆದದ್ದಕ್ಕೆ ಕಾರಣ ಬರೆಯಲು ಅರ್ಧ ಗೆರೆ ಜಾಗ.
ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ.
ಪೆನ್ನು ತೆಗೆದು, ನೀಟಾದ ಅಕ್ಷರದಲ್ಲಿ, ಬರೆದಳು:
ಮನೆಗೆ ಹೋಗಿದೆ.