ಸೊನ್ನೆ

ವಡ್ಡಹಳ್ಳಿ ಮಂಡಿಯ ಹಿಂದೆ
ಕೊಳೆತ ಟೊಮೇಟೊ ರಾಶಿಯ ಮಗ್ಗುಲಲ್ಲಿ ಕೂತು
ಪಿಳ್ಳಣ್ಣ ಬೀಡಿ ಬಿಚ್ಚಿ ಸೊಪ್ಪು ತುಂಬಿದ.
'ಕುಡಿಯೋನಲ್ಲ ನಾನು, ಗೊತ್ತಲ್ಲ' ಅಂದ.
ಗೊತ್ತು. ಆರು ವರ್ಷದಿಂದ ಅವನ ಕ್ಲೀನರ್ ನಾನು.

ಮುನ್ನೂರ ಹತ್ತು ಬಾಕ್ಸು, ಬೆಳಕು ಹರಿಯೋದರೊಳಗೆ ಚೆನ್ನೈ.
ಮುಳಬಾಗಿಲು ದಾಟಿದ ಮೇಲೆ
'ಸ್ಪೀಡು ಜಾಸ್ತಿಯಾಯ್ತೇನೋ?' ಅಂತ ಕೇಳಿದ.
ಮುಳ್ಳು ಮೂವತ್ತರ ಹತ್ತಿರ ನಡುಗುತ್ತಿತ್ತು.
ಹಿಂದಿನ ಲಾರಿಗಳು ಬೈದುಕೊಂಡು ಮುಂದೆ ಹೋದವು.
ಬಿಳಿ ಗೀಟು ಒಮ್ಮೆ ನನ್ನ ಕಡೆ, ಒಮ್ಮೆ ಅವನ ಕಡೆ
ಬುಟ್ಟಿ ತಪ್ಪಿಸಿಕೊಂಡ ಕೋಳಿಯ ಹಾಗೆ.

ಎದುರಿಗೆ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು.
ನಾನು ಕಂಡೆ. ಅವನೂ ಕಂಡ:
'ಆ ಕೆಂಪು ದೀಪ ಎಷ್ಟು ಚೆನ್ನಾಗಿದೆ ನೋಡೋ.'
ಬ್ರೇಕು, ಅಂತ ಕಿರುಚಿದೆ.
ಕಣ್ಣು ಬರೆದ ಕಾಗದ
ತಲೆಯ ಅಂಚೆಮನೆಯಲ್ಲಿ ಆಕಳಿಸುತ್ತ ಕೂತಿದ್ದು
ಪಾದಕ್ಕೆ ಬಂದು ಮುಟ್ಟುವಾಗ
ಹಾಲು ರಸ್ತೆ ತುಂಬ,
ಅದರೊಳಗೆ ನಮ್ಮ ಟೊಮೇಟೊ.

'ಚೆನ್ನೈ ಬಂತಾ?' ಅಂದ ಪಿಳ್ಳಣ್ಣ.
ಮಂಡಿ ಬಿಟ್ಟು ಮುಕ್ಕಾಲು ಗಂಟೆಯೂ ಆಗಿರಲಿಲ್ಲ.

ಪೊಲೀಸರು ಊದಿಸಿದರು. ಮಷಿನ್ನು ಸೊನ್ನೆ ಅಂದಿತು.
ಇನ್ನೊಮ್ಮೆ ಊದಿಸಿದರು. ಸೊನ್ನೆ.
'ಏನು ಕುಡಿದಿದ್ದ?' ನನ್ನನ್ನು ಕೇಳಿದರು.
'ಏನೂ ಕುಡಿದಿಲ್ಲ ಸಾರ್' ಅಂದೆ.
ಸುಳ್ಳಲ್ಲ.

ಆ ಚೀಟಿ ಈಗಲೂ ಅವನ ಜೇಬಲ್ಲಿದೆ.
ಟೀ ಅಂಗಡಿಯಲ್ಲಿ ಬಿಚ್ಚಿ ತೋರಿಸುತ್ತಾನೆ,
ಮಡಿಕೆಯಲ್ಲಿ ಹರಿದಿದೆ, ಸೊನ್ನೆ ಮಾತ್ರ ಗಟ್ಟಿಯಾಗಿದೆ.
ನಂಗಲಿಯ ಗಂಗುಲಪ್ಪ
ಹಸುವಿನ ಕೆಳಗೆ ಕುಕ್ಕರಗಾಲಲ್ಲಿ ಕೂರಲಾರ.
ಒಂದು ಕಾಲು ಮುಂದಕ್ಕೆ ಚಾಚಿ
ನಿಂತೂ ನಿಲ್ಲದ ಹಾಗೆ ಬಗ್ಗಿ ಕರೆಯುತ್ತಾನೆ.
ನಾನು ಅವನ ಬಾಗಿಲ ತನಕ ಎರಡು ಸಲ ಹೋದೆ,
ಹಾಲು ಕೊಂಡುಕೊಂಡು ಬಂದೆ.