ತೇವ

ಆರು ವರ್ಷ ಆತು, ಗಂಜಿನ ಬ್ಯಾಳಿ ಮಿಲ್ಲಿನ
ತೂಕದ ಕಟ್ಟಿ ಮ್ಯಾಲ ನಾನು.
ಚೀಲದ ಹೊಟ್ಟಿಗೆ ಕಬ್ಬಿಣದ ಕೊಳವಿ ಚುಚ್ಚಿ
ಅಂಗೈಗೆ ಬಿದ್ದ ತೊಗರ್ಯಾಗ ಮೂರು ಕಾಳು ಆರಿಸಿ
ದವಡ್ಯಾಗ ಇಟ್ಟು ಕಡೀತೀನಿ.
ಕಟ್ ಅಂದ್ರ ಸೈ.
ಮೆತ್ತಗ ಹತ್ತಿದ್ರ, ‘ತೇವ ಅದರೀ, ಕಡತಿ ಹಿಡೀತೀನಿ.’
ಸೇಠ ತಂದ ಮಿಶಿನ್ ಒಂದು ಅದ,
ಅದರ ಬ್ಯಾಟರಿ ಸತ್ತು ಎರಡು ಸುಗ್ಗಿ ಆದವು.
ಎದುರಿಗಿನವರ ಮಾರಿ ನೋಡಂಗಿಲ್ಲ ನಾ.
ನೋಡಿದ್ರ ಕಡತಿ ಬರಿಯಾಕ ಕೈ ಏಳಂಗಿಲ್ಲ.

ಲಾರಿ ಇಲ್ಲದ ಹೊತ್ತಿನ್ಯಾಗ
ಹಳೇ ರಸೀದಿ ಬುಕ್ಕಿನ್ಯಾಗ ಕಥಿ ಬರೀತೀನಿ,
ಕೆಳಗ ಕಾರ್ಬನ್ ಇಟ್ಟು. ರೂಢಿ.
ಒಂದು ಆಫೀಸಿಗೆ, ಒಂದು ಗಿರಾಕಿಗೆ.
ಕಥಿಗೆ ಗಿರಾಕಿ ಯಾರಂತ ಕೇಳಬ್ಯಾಡ್ರಿ.

ಐತವಾರ, ಸ್ಟೇಷನ್ ರೋಡಿನ ಝೆರಾಕ್ಸ್ ಅಂಗಡಿ ಮಾಳಿಗಿ.
ಹನ್ನೊಂದು ಮಂದಿ, ಒಂದು ಫ್ಯಾನು, ಮಿರ್ಚಿ ಭಜಿ ಪುಡಿಕಿ.
ಅಣವೀರಯ್ಯ ಮಾಸ್ತರ ಕೈಯಾಗ ನನ್ನ ಬುಕ್ಕು,
ಎಂಟು ದಿನದ ಹಿಂದ ಕೊಟ್ಟದ್ದು, ಕಾರ್ಬನ್ ಸಮೇತ.
‘ಮೊದಲನೇ ಪುಟದಾಗ ಅವ್ವ ಕೆಮ್ಮತಾಳ,
ಎರಡನೇದರಾಗ ತಂಗಿ ಅಳತಾಳ,
ಮೂರನೇದರಾಗ ಅವ್ವ ಸಾಯತಾಳ,
ಆಮ್ಯಾಲ ಆಕಳನೂ ಅಳತದ.
ಮಾಪಣ್ಣಾ, ಇದ್ದ ಅಳು ಎಲ್ಲಾ ನೀನ ಅತ್ತು ಮುಗಿಸಿದ್ರ
ಓದವ ಏನು ಮಾಡಬೇಕೋ?
ಭಜಿ ತಿನ್ನಬೇಕೇನು?’

ಹತ್ತು ಮಂದಿ ನಕ್ಕರು.
ಹನ್ನೊಂದನೆಯವ ನಾನೂ ನಕ್ಕೆ.
ಅದ ಇನ್ನೂ ಸುಡತದ.

ಮನಿಗೆ ಬಂದು ಬುಕ್ಕು ಬಿಚ್ಚಿದ್ರ
ಮಾಸ್ತರ ಪೆನ್ಸಿಲ್ಲು ಎಷ್ಟು ಒತ್ತಿತ್ತಂದ್ರ
ಮ್ಯಾಲಿನ ಗೀಟು ಕಾರ್ಬನ್ ಹಿಡಕೊಂಡು ಕೆಳಗೂ ಇಳದಿತ್ತು.
ಅಸಲೂ ಹೋತು, ನಕಲೂ ಹೋತು.

ಆ ರಾತ್ರಿನ ಹೊಸ ಕಥಿ ಹಿಡದೆ.
ಅದರಾಗೊಬ್ಬ ಮಾಸ್ತರ, ಬೊಕ್ಕ ತಲಿ, ಕಿವ್ಯಾಗ ಕೂದಲಾ,
ಗಂಟಲಿಗೆ ಭಜಿ ಸಿಕ್ಕು ಎರಡನೇ ಸಾಲಿನ್ಯಾಗ ಸತ್ತ.
ಮೂರನೇ ಸಾಲು ಬರಲೇ ಇಲ್ಲ.
ಸತ್ತವನ ಹೆಂಡತಿ ಅಳಬೇಕೋ ಬ್ಯಾಡೋ
ಅಂತ ಕುಂತೆ,
ನಳಕ್ಕ ನೀರು ಬಂದು ಬೆಳಗಾತು.

ಸೋಮವಾರ. ಚೌಡಾಪುರದ ಕಡಿಯಿಂದ ಹುಸೇನಬಿ,
ಟಂಟಂನ್ಯಾಗ ನಾಕು ಚೀಲ.
ಕಡದೆ. ಮೆತ್ತಗ.
‘ತೇವ ಅದವಾ, ಕಡತಿ.’
ಆಕಿ ಸೊಂಟಕ್ಕ ಕೈ ಇಟ್ಟಳು:
‘ಮೂರು ಕಾಳು ತಿಂದು ನಾಕು ಚೀಲದ ಜಾತಕ ಹೇಳ್ತಿ?
ತಳಾ ನೋಡೋ. ಎಲ್ಲಾ ಚೀಲ ನೋಡು.’

ಆರು ವರ್ಷದಾಗ ಮೊದಲ ಸಲ ಮಾರಿ ನೋಡಿದೆ.
ಅಳು ಇರಲಿಲ್ಲ ಅಲ್ಲಿ. ಎಲಿ ಅಡಿಕಿ ಇತ್ತು, ಸಿಟ್ಟಿತ್ತು.
ಗಂಡಸರು ಬೀಡಿ ಸಿಗಿಸಿದಂಗ
ಕಿವಿ ಮ್ಯಾಲ ಬಾಡಿಗಿ ಚೀಟಿ ಸಿಗಿಸಿದ್ದಳು.

ಎರಡನೇ ಚೀಲ, ಕಟ್.
ಮೂರನೇದು, ಕಟ್. ನಾಕನೇದೂ.
ಮೊದಲನೇದಕ್ಕಷ್ಟ ಕಡತಿ ಅಂದೆ.
‘ಅದು ಹಸೀದು ಖರೇ,’ ಅಂದಳು, ‘ನನಗೂ ಗೊತ್ತದ.
ತಾಡಪತ್ರಿ ಕೊಡು, ಹರವತೀನಿ.’

ಮಧ್ಯಾಹ್ನದ ತನಕ ಆಕಿ ಕಾಳು ಕೆದಕಿದಳು.
ನಾನೂ ಬಾಜೂಕ ಕುಂತು ಬುಕ್ಕು ಬಿಚ್ಚಿದೆ.
ತಂಗಿ ಅಳು ತೆಗದೆ.
ಆಕಳ ಕಣ್ಣೀರು ತೆಗೆಯೋ ಮುಂದ
ನನಗ ನಗು ಬಂತು, ಸುಳ್ಳ್ಯಾಕ ಹೇಳಲಿ.
ಅವ್ವ ಸಾಯೋದು ಒಂದ ಸಾಲಿಗೆ ಬಂತು.
ಆಮ್ಯಾಲ, ಆಕಿ ತೊಯ್ದ ಚಪ್ಪಲಿ
ಅಪ್ಪ ಒಯ್ದು ಬಿಸಿಲಿಗೆ ಇಟ್ಟ ಅನ್ನೋ ಸಾಲು.
ಮಾಸ್ತರು ಅದಕ್ಕೂ ಗೀಟು ಎಳದಾರ.
ಅದನ್ನ ನಾ ಬಿಡಂಗಿಲ್ಲ.

ಮಿಲ್ಲಿನ ಮಂದಿಗೆ ಗೊತ್ತಿರೋದು
ಮಾಸ್ತರಿಗೆ ಗೊತ್ತಿಲ್ಲ.
ತೊಗರಿ ಭಾಳ ಒಣಗಿದ್ರ
ಬ್ಯಾಳಿ ಆಗಂಗಿಲ್ಲ, ನುಚ್ಚಾಗತದ.
ಅದಕ್ಕ ಒಡಿಯೋ ಮೊದಲು ಎಣ್ಣಿ ಸವರಿ, ನೀರು ಚಿಮುಕಿಸಿ
ಒಂದು ರಾತ್ರಿ ಹಂಗ ಬಿಡತೀವಿ.

ಬರೋ ಐತವಾರ ಹೋಗತೀನಿ.
ಭಜಿ ಈ ಸಲ ನಂದು.
ಬುಕ್ಕಿನೊಳಗಿನ ಕಾರ್ಬನ್ ಅಷ್ಟ
ತೆಗದು ಗಲ್ಲೇದಾಗ ಇಟ್ಟು ಹೋಗತೀನಿ.