ಹೆಸರು ಕೊರೆಯುವವನು

ಬೇಲೂರಿನ ಪಾತ್ರೆ ಅಂಗಡಿಯ ಮೂಲೆಯಲ್ಲಿ
ಇಪ್ಪತ್ತೆರಡು ವರ್ಷ ನನ್ನ ಸೂಜಿ ಕುಟ್ಟಿದ್ದು
ಮದುವೆ, ನಾಮಕರಣ, ವೈಕುಂಠ ಸಮಾರಾಧನೆ.
‘ಹಾಯಿದೋಣಿ’ ಅಂತ ಬರೆದದ್ದು ಇದೇ ಮೊದಲು.

ಮೂರು ಕಪ್. ಮೂರರಲ್ಲೂ ಹೆಸರಿನ ಜಾಗ ಖಾಲಿ.
‘ಗಾಳಿ ಇನ್ನೂ ಹೇಳಿಲ್ಲವಲ್ಲ,’ ಅಂದರು
ನೌಕಾಪಡೆ ಬಿಟ್ಟು ಬಂದ ಚೆಂಗಪ್ಪ.
ಭಾನುವಾರ ಮಿಷನ್ನು, ಬ್ಯಾಟರಿ ಹೊತ್ತು
ಯಗಚಿ ಹಿನ್ನೀರಿಗೆ ನಾನೇ ಹೋದೆ.

ಒಣಹಾಕಿದ ಪಂಚೆಗಳು
ಹಗ್ಗ ಹರಿದು ಹೊರಟ ಹಾಗೆ
ಏಳು ಬಿಳಿ ಹಾಯಿ.
ಯಾವುದು ಮುಂದೆ, ಯಾವುದು ಹಿಂದೆ,
ನನಗೆಲ್ಲಿ ತಿಳಿಯಬೇಕು?
ಎಲ್ಲವೂ ಅಡ್ಡಡ್ಡ ಹೋಗುತ್ತಿದ್ದವು.
‘ಎದುರುಗಾಳಿಗೆ ನೇರ ದಾರಿ ಇರಲ್ಲಣ್ಣ,’
ಅಂದ ದಡದಲ್ಲಿದ್ದ ಪೋರ.

ಮೊದಲು ಬಂದವಳು
ಹಗರೆಯ ಪಂಚರ್ ಅಂಗಡಿಯ ಹುಡುಗಿ, ಹದಿಮೂರು.
ಅಂಗೈ ತುಂಬ ಹಗ್ಗದ ಬರೆ.
‘ತಸ್ಮಿಯಾ. ಸ-ಗೆ ಮ ಒತ್ತು.’
ಜಡೆಯ ನೀರು ಸ್ಟೀಲಿನ ಮೇಲೆ ತೊಟ್ಟಿಕ್ಕಿತು.
ಒರೆಸಿದೆ, ಮತ್ತೆ ತೊಟ್ಟಿಕ್ಕಿತು.
ಕೈ ಜರುಗಿ
ಕೊನೆಯ ಅಕ್ಷರ ವಾಲಿತು.

ಬೇರೆ ತರುತ್ತೇನೆ, ನಾಳೆಯೇ, ಅಂದೆ.
ಬೆಳಕಿಗೆ ಹಿಡಿದು ನೋಡಿದಳು:
‘ಇರಲಿ ಬಿಡಿ.
ವಾಲದೆ ನನ್ನ ದೋಣಿಯೂ ಓಡಲ್ಲ.’

ಮಿಷನ್ನಿಗೆ ನೀರು ಹೋಗಿ
ಇವತ್ತಿಗೂ ಒಮ್ಮೊಮ್ಮೆ ತಡವರಿಸುತ್ತದೆ.
ಅವತ್ತು ಮಾತ್ರ ಪುರುಸೊತ್ತಿರಲಿಲ್ಲ:
ಎರಡನೆಯವನು ಆಗಲೇ ಎದುರು ನಿಂತಿದ್ದ,
ಅವನ ಹೆಸರಿಗೆ ಕಪ್ಪಿನಲ್ಲಿ ಜಾಗ ಸಾಲದು.